ಬರೆಯುತ್ತ ಹೊಸದಾಗುವ ನೆನಪು

ಹೊಸೂರು ರಸ್ತೆಯಲ್ಲಿ ತಮಿಳುನಾಡಿನ ಗಡಿಗೆ ಅಂಟಿಕೊಂಡಿರುವ ಅತ್ತಿಬೆಲೆಯಲ್ಲಿ, ಕಾರ್ಖಾನೆಗಳು ಬರುವ ಮೊದಲಿನ ರಾಗಿ ಹೊಲಗಳನ್ನು ಕಂಡವರಿಗೆ ಈಗ ವಯಸ್ಸಾಗಿದೆ. ಅವರು ಬಾಳಿನ ಕಥೆ ಬರೆಯಲು ಕೂತರೆ ಆ ಹೊಲ ಇದ್ದ ಹಾಗೆಯೇ ಹಾಳೆಗೆ ಇಳಿದೀತೇ? ಕೇಂಬ್ರಿಜ್‌ನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ಇದಕ್ಕೆ ಉತ್ತರದ ದಾರಿ ತೋರಿಸಿದ. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಮತ್ತೆ ಮತ್ತೆ ನೆನೆದು ಬರೆಸಿದಾಗ, ಸೀಲ್ ಬೇಟೆಗೆ ಹೊರಟವರು ಮೀನು ಹಿಡಿಯಲು ಹೊರಟವರಾದರು. ಪರಿಚಯವಿಲ್ಲದ್ದೆಲ್ಲ ಓದುಗರ ಲೋಕಕ್ಕೆ ಒಗ್ಗುವಂತೆ ತಿರುಗಿತ್ತು. 2000ದಲ್ಲಿ ನರವಿಜ್ಞಾನಿ ಕರೀಂ ನಾದೆರ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಆಳಕ್ಕೆ ಹೋಯಿತು. ಒಂದು ಶಬ್ದಕ್ಕೆ ಹೆದರಲು ಕಲಿತ ಇಲಿಗೆ ಆ ಶಬ್ದ ಕೇಳಿಸಿ, ಕೂಡಲೇ ಮಿದುಳಿನ ಅಮಿಗ್ಡಲಾ ಭಾಗದಲ್ಲಿ ಪ್ರೋಟೀನ್ ತಯಾರಿಕೆ ತಡೆದರೆ ಹಳೆಯ ಭಯ ಕುಂದಿತು. ನೆನಪಿಸದೆ ಅದೇ ಔಷಧ ಕೊಟ್ಟರೆ ಭಯ ಹಾಗೇ ಉಳಿಯಿತು. ಅಂದರೆ ನೆನೆದ ಗಳಿಗೆಯಲ್ಲಿ ನೆನಪು ಸಡಿಲಗೊಂಡು ಮತ್ತೆ ಗಟ್ಟಿಯಾಗಬೇಕು. ಆತ್ಮಕಥೆ ಬರೆಯುವವರು ತಿಂಗಳುಗಟ್ಟಲೆ ಮಾಡುವುದು ಇದೇ ನೆನೆಯುವ ಕೆಲಸ. ಬರೆಯುತ್ತಲೇ ಅವರ ನೆನಪು ಇಂದಿನ ಬುದ್ಧಿಯ ಬಣ್ಣ ಹೀರಿಕೊಳ್ಳುತ್ತದೆ ಎಂಬುದು ನನ್ನ ವಾದ.

ಇಲಿಯ ಭಯಕ್ಕೂ ಮನುಷ್ಯನ ಬಾಳಿಗೂ ಎಲ್ಲಿಯ ಹೋಲಿಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲ್ಲ ನೆನಪುಗಳೂ ಹೀಗೆ ಸಡಿಲಗೊಳ್ಳುವುದಿಲ್ಲ, ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆಂಬ ಚರ್ಚೆ ಮುಗಿದಿಲ್ಲ. ಆದರೆ ಮನುಷ್ಯರಿಂದಲೇ ಸಿಕ್ಕ ಸಾಕ್ಷ್ಯವೂ ಇದೆ. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಮನಃಶಾಸ್ತ್ರಜ್ಞ ಊಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದ್ದು ಎಲ್ಲಿ, ಹೇಗೆ ಎಂದು ಬರೆಸಿಕೊಂಡರು. ಎರಡೂವರೆ ವರ್ಷದ ನಂತರ 44 ಜನರನ್ನು ಮತ್ತೆ ಕೇಳಿದಾಗ 11 ಮಂದಿಯ ಉತ್ತರ ಪೂರ್ತಿ ತಪ್ಪಾಗಿತ್ತು. ತಮ್ಮದೇ ಕೈಬರಹ ತೋರಿಸಿದರೂ ಮೊದಲಿನ ನೆನಪು ಮರಳಲಿಲ್ಲ.

ಹಾಗಾದರೆ ಆತ್ಮಕಥೆ ಬಿಟ್ಟು ದಾಖಲೆಗಳನ್ನಷ್ಟೇ ನಂಬೋಣ ಎಂದರೆ ನಾನು ಒಪ್ಪುವುದಿಲ್ಲ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರ, ಬೆಳೆ ಇರುತ್ತವೆ; ಆ ಹೊಲದಲ್ಲಿ ಕೂಲಿಗೆ ಕಳೆ ಕಿತ್ತ ಹೆಂಗಸಿಗೆ ಅದರಲ್ಲಿ ಕಲಂ ಇಲ್ಲ. ಅರವಿಂದ ಮಾಲಗತ್ತಿಯವರ ಆತ್ಮಕಥೆ ‘ಗವರ್ನಮೆಂಟ್ ಬ್ರಾಹ್ಮಣ’ದಲ್ಲಿ ಬರುವ ಅವಮಾನಗಳನ್ನು ಯಾವ ಶಾಲೆಯ ಹಾಜರಿ ಪುಸ್ತಕ ಬರೆದಿಟ್ಟೀತು? ತಾರೀಖು ತಪ್ಪಬಹುದು, ಉಂಡ ನೋವು ಸುಳ್ಳಾಗದು. ಕುವೆಂಪು 1980ರ ‘ನೆನಪಿನ ದೋಣಿಯಲ್ಲಿ’ ಕೃತಿಯಲ್ಲಿ ತಮ್ಮ ಯೌವನದ ದಿನಚರಿಯ ಭಾಗಗಳನ್ನೇ ಸೇರಿಸಿದ್ದಾರೆ. ಅಂದಿನ ಹುಡುಗನ ಮಾತೂ ಇಂದಿನ ಹಿರಿಯರ ವ್ಯಾಖ್ಯಾನವೂ ಒಂದೇ ಪುಸ್ತಕದಲ್ಲಿ ಸಿಗುತ್ತವೆ. ಅತ್ತಿಬೆಲೆಯ ಹಿರಿಯರು ಬರೆಯುವುದಾದರೆ ಮೊದಲು ಏನನ್ನೂ ನೋಡದೆ ಬರೆಯಲಿ, ಆಮೇಲೆ ಪಹಣಿ, ಭೂಸ್ವಾಧೀನದ ನೋಟಿಸು, ಹಳೆಯ ಕಾಗದಪತ್ರ ತೆಗೆಯಲಿ, ಒಂದಕ್ಕೊಂದು ಹೊಂದದ ಕಡೆ ತಿದ್ದದೆ ಎರಡನ್ನೂ ಉಳಿಸಲಿ. ಕಾಗದವನ್ನೇ ಮೊದಲು ನೋಡಿದರೆ ಅದರ ಮಾತು ನೆನಪಿನೊಳಗೆ ಬೆರೆತುಹೋಗಿ, ಕಂಡದ್ದು ಯಾವುದು, ಓದಿದ್ದು ಯಾವುದು ಎಂದು ಬರೆದವರಿಗೇ ಬಿಡಿಸಲು ಬರುವುದಿಲ್ಲ.