ದೇವರ ಜಗಲಿಯ ಶಂಖ ಏನು ತಿನ್ನುತ್ತಿತ್ತು?

ಪ್ರಶ್ನೆ: ದೇವರ ಜಗಲಿ ಮ್ಯಾಲಿನ ಶಂಖದಾಗಿದ್ದ ಹುಳ ಏನ ತಿಂತಿತ್ತು? ಬಲಮುರಿ ಅಂತ ಮಾರೋವು ಖರೇನೇ ಏನ್ರಿ?
– ಓದುಗರು, ಧಾರವಾಡ

ಉತ್ತರ: ಮಾಂಸವನ್ನೇ ತಿನ್ನುತ್ತಿತ್ತು. ನಾವು ಊದುವ ಶಂಖ ‘ಟರ್ಬಿನೆಲ್ಲಾ ಪೈರಮ್’ ಎಂಬ ಬೇಟೆಗಾರ ಬಸವನಹುಳುವಿನ ಚಿಪ್ಪು. ಮನ್ನಾರ್ ಕೊಲ್ಲಿಯ ಮರಳಿನಲ್ಲಿ ಹೂತುಕೊಂಡು, ಸೊಂಡಿಲಿನಂಥ ಬಾಯಿ ಚಾಚಿ ಕಡಲಹುಳುಗಳನ್ನು ಹಿಡಿಯುತ್ತದೆ. ಬದುಕಿದ್ದಾಗ ಅದು ಬೆಳ್ಳಗಿರುವುದೂ ಇಲ್ಲ, ಕಂದು ಪೊರೆ ಹೊದ್ದಿರುತ್ತದೆ. ತೂತ್ತುಕುಡಿಯ ಮುಳುಗುಗಾರರು ತಂದ ಶಂಖದ ಪೊರೆಯನ್ನು ಉಜ್ಜಿ ತೆಗೆದ ಮೇಲೆಯೇ ಆ ಹಾಲುಬಣ್ಣ.

ಇದರ ಮರಿಗಳು ನೀರಿನಲ್ಲಿ ತೇಲಿ ದೂರ ಹೋಗುವುದಿಲ್ಲ. ಟಗರಿನ ಕೊಂಬಿನಂಥ ಮೊಟ್ಟೆಚೀಲದಿಂದ ಪುಟ್ಟ ಶಂಖಗಳಾಗಿಯೇ ಹೊರಬರುತ್ತವೆ. ಹಾಗಾಗಿ ಒಂದು ಜಾಗ ಬರಿದಾದರೆ ಮತ್ತೆ ತುಂಬುವುದು ಬಲು ನಿಧಾನ. ನನಗೆ ಚಿಂತೆ ಅದರದ್ದೇ.

ಇನ್ನು ಬಲಮುರಿ, ಅಂದರೆ ತಿರುವು ಉಲ್ಟಾ ಇರುವ ಶಂಖ. ನಮ್ಮ ಶಂಖದಲ್ಲಿ ತಿರುವು ಉಲ್ಟಾ ಆಗುವುದು ತೀರಾ ಅಪರೂಪ. ಆ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಚಿಪ್ಪುಗಳು ಅಮೆರಿಕದ ಕರಾವಳಿಯ ಬೇರೊಂದು ಜೀವಿಯವು. ಅದರಲ್ಲಿ ಆ ತಿರುವು ಸಹಜ, ಅಪರೂಪವೇ ಅಲ್ಲ. ಬಾಯೊಳಗೆ ಬೆರಳಾಡಿಸಿ ನೋಡಿ: ನಮ್ಮ ಶಂಖದ ನಡುಗಂಬದಲ್ಲಿ ಮೂರು-ನಾಲ್ಕು ಏಣುಗಳು ಸಿಗುತ್ತವೆ, ಅಮೆರಿಕದ್ದರಲ್ಲಿ ಸಿಗುವುದಿಲ್ಲ. ಏಣಿಲ್ಲದ್ದಕ್ಕೆ ಸಾವಿರಾರು ರೂಪಾಯಿ ಕೊಡಬೇಡಿ.