ಕುರ್ಚಿ ಬಿಟ್ಟ ಮೇಲೆ ಕವಚವೇಕೆ?

2024ರ ಜುಲೈ 1ರಂದು ಅಮೆರಿಕದ ಸುಪ್ರೀಂ ಕೋರ್ಟು ಡೊನಾಲ್ಡ್ ಟ್ರಂಪ್ ಪ್ರಕರಣದಲ್ಲಿ ಮಹತ್ವದ ತೀರ್ಪೊಂದನ್ನು ನೀಡಿತು. ಸಂವಿಧಾನವೇ ಅಧ್ಯಕ್ಷರಿಗೆ ವಹಿಸಿದ ಮೂಲಭೂತ ಅಧಿಕಾರಗಳನ್ನು ಚಲಾಯಿಸಿದ್ದಕ್ಕಾಗಿ, ಅವರು ಅಧಿಕಾರ ಬಿಟ್ಟ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಉಳಿದ ಅಧಿಕೃತ ಕೃತ್ಯಗಳಿಗೂ ರಕ್ಷಣೆ ಇದೆಯೆಂದೇ ಮೊದಲು ಭಾವಿಸಬೇಕು. ಖಾಸಗಿ ಕೃತ್ಯಗಳಿಗೆ ಮಾತ್ರ ರಕ್ಷಣೆ ಇಲ್ಲ ಎಂದು ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಅಭಿಪ್ರಾಯಪಟ್ಟರು. ಅದಾಗಿ ಏಳು ವಾರ ಕಳೆಯುವಷ್ಟರಲ್ಲಿ ಬೆಂಗಳೂರಿನ ರಾಜಭವನದಿಂದ ಒಂದು ಆದೇಶ ಹೊರಬಿತ್ತು. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ 14 ನಿವೇಶನಗಳ ವಿಚಾರದಲ್ಲಿ, ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರ ವಿರುದ್ಧ ಕ್ರಮಕ್ಕೆ ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಅನುಮತಿ ನೀಡಿದ್ದರು. ಅಲ್ಲಿ ಅಧಿಕಾರದಿಂದ ಇಳಿದವರಿಗೆ ರಕ್ಷಣೆ. ಇಲ್ಲಿ ಅಧಿಕಾರದಲ್ಲಿರುವವರ ಮೇಲೆಯೇ ತನಿಖೆ. ಈ ವೈರುಧ್ಯವನ್ನು ಕಂಡು ನಮ್ಮ ವ್ಯವಸ್ಥೆಯೇ ಮೇಲೆಂದು ಹೆಮ್ಮೆಪಟ್ಟವರುಂಟು. ಹಾಗೆ ಹೆಮ್ಮೆಪಡುವ ಮುನ್ನ ನಾವು ನಡೆದು ಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡುವುದು ಒಳ್ಳೆಯದು.

ನನ್ನ ಮಟ್ಟಿಗೆ ಆ ದಾರಿ ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದಿಂದ ಆರಂಭವಾಗುತ್ತದೆ. ನಮ್ಮದು ಗೇಣಿದಾರರ ಮನೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಅನ್ವಯ ನಮ್ಮ ತಂದೆ ಫಾರಂ ನಂ. 7 ಸಲ್ಲಿಸಿ, ಭೂ ನ್ಯಾಯಮಂಡಳಿಯ ಮುಂದೆ ಹಲವು ಸಲ ಕೈಕಟ್ಟಿ ನಿಂತು, ತಾವು ಉಳುತ್ತಿದ್ದ ಎರಡು ಎಕರೆಯ ಒಡೆಯರಾದರು. ಆ ಕಾನೂನು ತಂದ ಡಿ. ದೇವರಾಜ ಅರಸರು ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಹುಣಸೂರು ಕ್ಷೇತ್ರದಿಂದ ಹಲವು ಬಾರಿ ಗೆದ್ದವರು. ನಮ್ಮ ಮನೆಯ ನಡುಮನೆಯಲ್ಲಿ ದೇವರ ಪಟಗಳ ಸಾಲಿನ ಕೊನೆಯಲ್ಲಿ ಅವರ ಪಟವೂ ಇತ್ತು.

1977ರ ಮೇ ತಿಂಗಳಲ್ಲಿ, ನಾನು ಪಿಯುಸಿ ಓದುತ್ತಿದ್ದಾಗ, ಆ ಪಟದ ಮನುಷ್ಯನ ಮೇಲೆಯೇ ವಿಚಾರಣೆ ಎಂಬ ಸುದ್ದಿ ಬಂತು. ತುರ್ತು ಪರಿಸ್ಥಿತಿಯ ನಂತರ ಕೇಂದ್ರದಲ್ಲಿ ಜನತಾ ಸರ್ಕಾರ ಬಂದಿತ್ತು. ಕರ್ನಾಟಕದಲ್ಲಿ ಕಾಂಗ್ರೆಸ್ ಉಳಿದಿತ್ತು. ಅರಸರ ಮೇಲಿನ ಆರೋಪಗಳ ವಿಚಾರಣೆಗೆ ರಾಜ್ಯ ಸರ್ಕಾರ ಮೇ 18ರಂದು ತಾನೇ ಒಂದು ಆಯೋಗ ನೇಮಿಸಿತು. ಐದೇ ದಿನಗಳಲ್ಲಿ, ಮೇ 23ರಂದು, ಕೇಂದ್ರವು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಅವರ ಏಕಸದಸ್ಯ ಆಯೋಗವನ್ನು ರಚಿಸಿತು. ಅಂದು ಸಂಜೆ ನಮ್ಮ ಜಗಲಿಯ ಮೇಲೆ ನಡೆದ ಮಾತು ನನಗೆ ಇಂದಿಗೂ ನೆನಪಿದೆ.

‘ನಮ್ಗೆ ಭೂಮಿ ಕೊಟ್ಟೋರ್ನ ಕಟಕಟೆಗೆ ನಿಲ್ಲುಸ್ತಾರಂತೆ. ಏನ್ ಕಾಲ ಬಂತು ಮೇಷ್ಟ್ರೇ!’ ಎಂದರು ತಂದೆ.

ಊರಿನ ಶಾಲೆಯ ಮೇಷ್ಟ್ರು ನಿಧಾನವಾಗಿ ಹೇಳಿದರು: ‘ಭೂಮಿ ಕೊಟ್ಟಿದ್ದು ಒಂದು ಲೆಕ್ಕ ಗೌಡ್ರೇ. ಕೇಳ್ತಿರೋದು ಬೇರೆ ಲೆಕ್ಕ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೀಬಾರ್ದು.’

ತಂದೆ ಒಪ್ಪಲಿಲ್ಲ. ಅವರ ವಾದದಲ್ಲೂ ಹುರುಳಿತ್ತು. ಎದುರು ಪಕ್ಷದ ಸರ್ಕಾರ ಬಂದ ಎರಡೇ ತಿಂಗಳಲ್ಲಿ ಆಯೋಗ ಬಂದರೆ ಅದನ್ನು ನ್ಯಾಯ ಎನ್ನಬೇಕೋ ಹಗೆ ಎನ್ನಬೇಕೋ? ಅಧಿಕಾರದಲ್ಲಿದ್ದವರಿಗೆ ರಕ್ಷಣೆ ಬೇಕೆನ್ನುವವರ ಮೂಲವಾದ ಇಂದಿಗೂ ಇದೇ. ಪ್ರತಿ ಹೊಸ ಸರ್ಕಾರವೂ ಹಳೆಯ ಸರ್ಕಾರವನ್ನು ಜೈಲಿಗೆ ಕಳುಹಿಸಲು ಹೊರಟರೆ, ಯಾವ ನಾಯಕನೂ ಧೈರ್ಯದ ನಿರ್ಧಾರ ಕೈಗೊಳ್ಳಲಾರ; ಸೋತವನು ಕುರ್ಚಿ ಬಿಡಲೂ ಒಪ್ಪಲಾರ.

ಕರ್ನಾಟಕ ಸರ್ಕಾರ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಮುಖ್ಯಮಂತ್ರಿ ಮತ್ತು ಸಚಿವರು ಶಾಸನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುವುದರಿಂದ ಅವರ ನಡತೆಯನ್ನು ಪ್ರಶ್ನಿಸುವ ಹಕ್ಕು ಆ ಸಭೆಗೆ ಮಾತ್ರ ಇದೆ, ಕೇಂದ್ರಕ್ಕಿಲ್ಲ ಎಂಬುದು ಅದರ ವಾದ. 1977ರ ನವೆಂಬರ್ 8ರಂದು ಮುಖ್ಯ ನ್ಯಾಯಮೂರ್ತಿ ಎಂ.ಎಚ್. ಬೇಗ್ ಅವರಿದ್ದ ಏಳು ನ್ಯಾಯಮೂರ್ತಿಗಳ ಪೀಠ ಆ ದಾವೆಯನ್ನು ವಜಾ ಮಾಡಿತು. ಸಾಮೂಹಿಕ ಹೊಣೆಗಾರಿಕೆಯು ರಾಜಕೀಯ ತತ್ವ. ವ್ಯಕ್ತಿಯೊಬ್ಬ ಅಧಿಕಾರವನ್ನು ಸ್ವಂತಕ್ಕೆ ದುರ್ಬಳಕೆ ಮಾಡಿಕೊಂಡನೇ ಎಂಬ ವಿಚಾರಣೆಗೆ ಅದು ಅಡ್ಡಗೋಡೆಯಾಗದು ಎಂಬುದು ಆ ತೀರ್ಪಿನ ಸಾರ. ಗ್ರೋವರ್ ಆಯೋಗ ಕೆಲವು ಆರೋಪಗಳಲ್ಲಿ ತಪ್ಪು ಕಂಡಿತು. ಆದರೂ 1978ರ ಚುನಾವಣೆಯಲ್ಲಿ ಜನ ಅರಸರನ್ನೇ ಗೆಲ್ಲಿಸಿದರು. 1980ರ ಜನವರಿಯಲ್ಲಿ ಅವರು ಅಧಿಕಾರದಿಂದ ಇಳಿದರು. 1982ರ ಜೂನ್ 6ರಂದು ತೀರಿಕೊಂಡರು. ಯಾವ ನ್ಯಾಯಾಲಯವೂ ಅವರನ್ನು ಅಪರಾಧಿ ಎಂದು ಘೋಷಿಸಲಿಲ್ಲ. ಮತಪೆಟ್ಟಿಗೆಯ ತೀರ್ಪು, ಆಯೋಗದ ತೀರ್ಪು ಎರಡೂ ಅಕ್ಕಪಕ್ಕದಲ್ಲಿ ನಿಂತವು. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಈಗ ಕಾನೂನಿನ ಮಾತು. ನಮ್ಮ ಸಂವಿಧಾನದ 361ನೇ ವಿಧಿಯು ರಾಷ್ಟ್ರಪತಿ ಮತ್ತು ರಾಜ್ಯಪಾಲರ ವಿರುದ್ಧ ಅವರ ಅಧಿಕಾರಾವಧಿಯಲ್ಲಿ ಯಾವ ಕ್ರಿಮಿನಲ್ ಮೊಕದ್ದಮೆಯೂ ನಡೆಯಕೂಡದು, ಬಂಧನದ ಆದೇಶವೂ ಹೊರಡಕೂಡದು ಎನ್ನುತ್ತದೆ. ಅವರು ಹುದ್ದೆಯ ಅಧಿಕಾರ ಚಲಾಯಿಸಿದ್ದಕ್ಕಾಗಿ ನ್ಯಾಯಾಲಯಕ್ಕೆ ಉತ್ತರ ಕೊಡಬೇಕಿಲ್ಲವೆಂಬುದು ಬೇರೆ ಮಾತು; ಮೊಕದ್ದಮೆಯಿಂದ ರಕ್ಷಣೆ ಇರುವುದು ‘ಅಧಿಕಾರಾವಧಿಯಲ್ಲಿ’ ಮಾತ್ರ. ಬಾಬರಿ ಮಸೀದಿ ಪ್ರಕರಣದಲ್ಲಿ ಉತ್ತರ ಪ್ರದೇಶದ ಮಾಜಿ ಮುಖ್ಯಮಂತ್ರಿ ಕಲ್ಯಾಣ್ ಸಿಂಗ್ ರಾಜಸ್ಥಾನದ ರಾಜ್ಯಪಾಲರಾಗಿದ್ದಷ್ಟು ಕಾಲ ಅವರ ವಿರುದ್ಧ ಆರೋಪ ಹೊರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2019ರ ಸೆಪ್ಟೆಂಬರ್‌ನಲ್ಲಿ ಅವರು ರಾಜಭವನ ಬಿಟ್ಟರು. ಅದೇ ತಿಂಗಳು ಕಟಕಟೆಗೆ ಬಂದರು. 2020ರ ಸೆಪ್ಟೆಂಬರ್ 30ರಂದು ಇತರರೊಡನೆ ಖುಲಾಸೆಯಾದರು. ತೀರ್ಪಿನ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಕ್ರಮ ಮಾತ್ರ ಸ್ಪಷ್ಟ: ಕವಚ ಕುರ್ಚಿಯದು, ಅದರಲ್ಲಿ ಕುಳಿತವರದಲ್ಲ.

ಪ್ರಧಾನಿ ಮತ್ತು ಮುಖ್ಯಮಂತ್ರಿಗಳಿಗೆ ಆ ಕವಚವೂ ಇಲ್ಲ. ಮಾಜಿ ಪ್ರಧಾನಿ ಪಿ.ವಿ. ನರಸಿಂಹ ರಾವ್ ಸಂಸದರಿಗೆ ಲಂಚ ನೀಡಿದ ಪ್ರಕರಣದಲ್ಲಿ 2000ದಲ್ಲಿ ಅಪರಾಧಿಯೆನಿಸಿ, 2002ರಲ್ಲಿ ದೆಹಲಿ ಹೈಕೋರ್ಟಿನಿಂದ ಖುಲಾಸೆಯಾದರು. ಜಯಲಲಿತಾ ಅವರ ವಿಚಾರಣೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 2014ರ ಸೆಪ್ಟೆಂಬರ್ 27ರಂದು ತೀರ್ಪು ಬಂದಾಗ ಅವರು ಹಾಲಿ ಮುಖ್ಯಮಂತ್ರಿಯಾಗಿದ್ದರು. ದೇಶವೇನೂ ಕುಸಿಯಲಿಲ್ಲ. ದಕ್ಷಿಣ ಕೊರಿಯಾ 1996ರಲ್ಲಿ ಇಬ್ಬರು ಮಾಜಿ ಅಧ್ಯಕ್ಷರಿಗೆ ಶಿಕ್ಷೆ ವಿಧಿಸಿತು. ಫ್ರಾನ್ಸ್ 2011ರಲ್ಲಿ ಶಿರಾಕ್ ಅವರಿಗೆ ಶಿಕ್ಷೆ ನೀಡಿ, 2025ರ ಅಕ್ಟೋಬರ್‌ನಲ್ಲಿ ಸರ್ಕೋಜಿ ಅವರನ್ನು ಜೈಲಿಗೂ ಕಳುಹಿಸಿತು. ಆ ಪ್ರಜಾಪ್ರಭುತ್ವಗಳು ಇದರಿಂದ ಬಡವಾಗಿಲ್ಲ.

ಹಾಗಾದರೆ ನಮ್ಮಲ್ಲಿ ಎಲ್ಲವೂ ಸರಿಯಾಗಿದೆಯೇ? ಇಲ್ಲ. ನಾವು ವಿನಾಯಿತಿಯನ್ನು ಸಂವಿಧಾನದಲ್ಲಿ ಬರೆಯದೆ ಕಡತದಲ್ಲಿ ಅಡಗಿಸಿಟ್ಟಿದ್ದೇವೆ. ಆ ಕಡತದ ಹೆಸರು ‘ಪೂರ್ವಾನುಮತಿ’.

ಸಾರ್ವಜನಿಕ ಸೇವಕನ ಮೇಲೆ ಮೊಕದ್ದಮೆ ಹೂಡುವ ಮುನ್ನ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಉದ್ದೇಶ ಒಳ್ಳೆಯದೇ: ಪ್ರಾಮಾಣಿಕವಾಗಿ ಕೆಲಸ ಮಾಡಿದವನು ದ್ವೇಷದ ದೂರುಗಳಿಗೆ ಬಲಿಯಾಗಬಾರದು. ಮಹಾರಾಷ್ಟ್ರದ ಎ.ಆರ್. ಅಂತುಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ, ಭ್ರಷ್ಟಾಚಾರದ ಆರೋಪಕ್ಕೆ ಗುರಿಯಾದವನು ದುರ್ಬಳಕೆ ಮಾಡಿಕೊಂಡನೆನ್ನಲಾದ ಆ ಹುದ್ದೆಯನ್ನು ಬಿಟ್ಟಿದ್ದರೆ ಅನುಮತಿಯ ಅಗತ್ಯವಿಲ್ಲ ಎಂದಿತು. ‘ಮಾಜಿ’ ಎಂದೊಡನೆ ಬಾಗಿಲು ತೆರೆಯುತ್ತಿತ್ತು. 2018ರ ಜುಲೈನಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಂದ ತಿದ್ದುಪಡಿ ಮಾಜಿಗಳಿಗೂ ಅನುಮತಿಯ ರಕ್ಷಣೆಯನ್ನು ವಿಸ್ತರಿಸಿತು. ಅಧಿಕೃತ ನಿರ್ಧಾರಗಳ ಬಗ್ಗೆ ತನಿಖೆ ಆರಂಭಿಸುವುದಕ್ಕೂ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕೆಂಬ 17ಎ ಸೆಕ್ಷನ್ನನ್ನೂ ಸೇರಿಸಿತು. ಈ ತಿದ್ದುಪಡಿಯ ಮೇಲೆ ನಮ್ಮಲ್ಲಿ ಅಮೆರಿಕದ ತೀರ್ಪಿನ ಮೇಲೆ ಆದಷ್ಟೂ ಚರ್ಚೆ ಆಗಲಿಲ್ಲ.

ಅನುಮತಿ ಕೊಡುವ ಕೈ ಯಾವುದು ಎಂಬುದೇ ಇಲ್ಲಿ ಮುಖ್ಯ. ಸಚಿವರ ವಿಚಾರದಲ್ಲಿ ಸಂಪುಟದ ಸಲಹೆ ಪಕ್ಷಪಾತದಿಂದ ಕೂಡಿದ್ದರೆ ರಾಜ್ಯಪಾಲರು ಸ್ವವಿವೇಚನೆಯಿಂದ ನಿರ್ಧರಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2004ರಲ್ಲಿ ಹೇಳಿದೆ. ತನ್ನ ನಾಯಕನ ಮೇಲೆ ಮೊಕದ್ದಮೆ ಬೇಕೇ ಎಂದು ಸಂಪುಟವನ್ನೇ ಕೇಳುವುದು ಹಾಸ್ಯಾಸ್ಪದವಾದ್ದರಿಂದ ಆ ತೀರ್ಪು ಸರಿ. ಆದರೆ ರಾಜ್ಯಪಾಲರನ್ನು ನೇಮಿಸುವವರು ಯಾರು? 2011ರ ಜನವರಿ 21ರಂದು ಬಿ.ಎಸ್. ಯಡಿಯೂರಪ್ಪ ವಿರುದ್ಧ ಮೊಕದ್ದಮೆಗೆ ಅನುಮತಿ ನೀಡಿದ ಹಂಸರಾಜ್ ಭಾರದ್ವಾಜ್ ಅವರು ಕಾಂಗ್ರೆಸ್ ಸರ್ಕಾರದಲ್ಲಿ ಕಾನೂನು ಸಚಿವರಾಗಿದ್ದವರು. 2024ರಲ್ಲಿ ಅನುಮತಿ ನೀಡಿದ ಗೆಹಲೋತ್ ಅವರು ಬಿಜೆಪಿ ಸರ್ಕಾರದಲ್ಲಿ ಸಚಿವರಾಗಿದ್ದವರು. ಮೊದಲ ಸಲ ರಾಜ್ಯಪಾಲರನ್ನು ಕೇಂದ್ರದ ಕೈಗೊಂಬೆ ಎಂದು ಜರೆದ ಪಕ್ಷ ಎರಡನೆಯ ಸಲ ಸಂವಿಧಾನದ ಕಾವಲುಗಾರ ಎಂದು ಹೊಗಳಿತು. ಹೊಗಳಿದ್ದ ಪಕ್ಷ ಜರೆಯಿತು. ವಾದಗಳು ಅವೇ, ವಕೀಲರು ಮಾತ್ರ ಅದಲುಬದಲಾದರು.

ಫಲವೇನು? 2011ರ ಜುಲೈ 31ರಂದು ರಾಜೀನಾಮೆ ಕೊಟ್ಟ ಯಡಿಯೂರಪ್ಪ ಅಕ್ಟೋಬರ್ 15ರಂದು ಜೈಲು ಸೇರಿದರು. ಗಣಿ ಸಂಬಂಧದ ಸಿಬಿಐ ಪ್ರಕರಣದಲ್ಲಿ ಅವರಿಗೆ ಖುಲಾಸೆ ದೊರೆತದ್ದು 2016ರ ಅಕ್ಟೋಬರ್ 26ರಂದು. ಸಿದ್ದರಾಮಯ್ಯ ಅವರ ವಿಚಾರದಲ್ಲಿ ತನಿಖೆಯ ಒಪ್ಪಿಗೆಯನ್ನು ಹೈಕೋರ್ಟು 2024ರ ಸೆಪ್ಟೆಂಬರ್ 24ರಂದು ಎತ್ತಿಹಿಡಿಯಿತು. ಲೋಕಾಯುಕ್ತ ಪೊಲೀಸರು 2025ರ ಫೆಬ್ರವರಿಯಲ್ಲಿ ಸಾಕ್ಷ್ಯಾಧಾರದ ಕೊರತೆಯೆಂದು ಬಿ ರಿಪೋರ್ಟ್ ಸಲ್ಲಿಸಿದರು. ಜಯಲಲಿತಾ ಪ್ರಕರಣದಲ್ಲಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2017ರ ಫೆಬ್ರವರಿಯಲ್ಲಿ ಮರುಸ್ಥಾಪಿಸಿದಾಗ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ತಪ್ಪಿತಸ್ಥರಿಗೆ ಈ ವಿಳಂಬವೇ ವಿನಾಯಿತಿ. ನಿರಪರಾಧಿಗಳಿಗೆ ಈ ವಿಳಂಬವೇ ಶಿಕ್ಷೆ. ಶಿಕ್ಷೆಯ ಪ್ರಮಾಣದಷ್ಟೇ ಶಿಕ್ಷೆಯಾಗುವ ಸಂಭವವೂ ಅಪರಾಧವನ್ನು ತಡೆಯುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರಲ್ಲೇ ವಿವರಿಸಿದ್ದರು. ನಮ್ಮಲ್ಲಿ ಕಾನೂನಿನ ಪುಸ್ತಕದಲ್ಲಿ ಪ್ರಮಾಣ ದೊಡ್ಡದು; ದೊಡ್ಡವರ ಮಟ್ಟಿಗೆ ಸಂಭವ ಸೊನ್ನೆಗೆ ಹತ್ತಿರ.

ಚಿಕ್ಕವರ ಮಟ್ಟಿಗೆ ಹಾಗಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಜಿಲ್ಲೆಯೊಂದರಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ ಗ್ರಾಮಲೆಕ್ಕಿಗರೊಬ್ಬರ ಮೇಲೆ ಮೊಕದ್ದಮೆಗೆ ಅನುಮತಿ ಕೋರಿದ ಕಡತ ನನ್ನ ಮೇಜಿಗೆ ಬಂತು. ಖಾತೆ ಬದಲಾವಣೆಗೆ 500 ರೂಪಾಯಿ ಕೇಳಿದರೆಂಬ ಆರೋಪ. ಕಡತ ಬಂದ ಮೂರನೆಯ ದಿನ ಸಹಿ ಹಾಕಿದೆ. ತನಿಖಾಧಿಕಾರಿಯ ವರದಿಯ ಕೊನೆಯ ಪುಟ ಓದಿದ್ದೆ, ಅಷ್ಟೇ. ಆತ ಕೊಟ್ಟಿದ್ದ ವಿವರಣೆಯನ್ನು ಓದಿರಲಿಲ್ಲ. ತಡಮಾಡಿದರೆ ಭ್ರಷ್ಟರನ್ನು ಕಾಪಾಡಿದೆನೆಂಬ ಮಾತು ಬಂದೀತೆಂಬ ಅಂಜಿಕೆ ನನಗಿತ್ತು. ಹತ್ತು ವರ್ಷ ವಿಚಾರಣೆ ನಡೆದು, ಆತ ನಿವೃತ್ತರಾದ ಮೇಲೆ ಖುಲಾಸೆಯಾದರು. ಬಹಳ ಕಾಲದ ನಂತರ ಮದುವೆಯೊಂದರಲ್ಲಿ ಎದುರಾದಾಗ ಕೈಮುಗಿದು ಕೇಳಿದ್ದು ಒಂದೇ ಮಾತು: ‘ಸಾರ್, ಆವತ್ತು ತಾವು ನನ್ನ ಉತ್ತರ ಓದಿದ್ರಾ?’

ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡವರ ಕಡತಗಳು ಕಾನೂನು ಇಲಾಖೆಗೆ, ಅಡ್ವೊಕೇಟ್ ಜನರಲ್ ಅವರಿಗೆ, ಮತ್ತೆ ಇಲಾಖೆಗೆ ಎಂದು ಓಡಾಡುವುದನ್ನು ನೋಡಿದವನು ನಾನು. ರಕ್ಷಣೆಗೆಂದು ಹುಟ್ಟಿದ ಪೂರ್ವಾನುಮತಿ, ಅದರ ಅಗತ್ಯ ಹೆಚ್ಚಾಗಿದ್ದವನಿಗೆ ಮೂರು ದಿನದ ಸಹಿಯಾಯಿತು. ಆದ್ದರಿಂದಲೇ ಪೂರ್ವಾನುಮತಿಯನ್ನೇ ತೆಗೆದುಹಾಕಿ ಎಂದು ನಾನು ಹೇಳಲಾರೆ. ಅದನ್ನು ಓದಿ ಕೊಡುವ, ಓದಿ ನಿರಾಕರಿಸುವ ಕೈಗೆ ಒಪ್ಪಿಸಿ ಎನ್ನುತ್ತೇನೆ.

ಆಗಬೇಕಾದದ್ದು ಮೂರು. ಮೊದಲನೆಯದು, ಹಾಲಿ ಮತ್ತು ಮಾಜಿ ಮುಖ್ಯಮಂತ್ರಿ, ಸಚಿವರ ವಿಚಾರದಲ್ಲಿ ಅನುಮತಿಯ ಅಧಿಕಾರ ರಾಜಭವನದಿಂದಲೂ ಸಂಪುಟದಿಂದಲೂ ಹೊರಗೆ ಹೋಗಬೇಕು. 2013ರ ಲೋಕಪಾಲ ಕಾಯ್ದೆಯು ತನ್ನ ಮುಂದಿನ ಪ್ರಕರಣಗಳಲ್ಲಿ ಈ ಅಧಿಕಾರವನ್ನು ಲೋಕಪಾಲದ ಪೀಠಕ್ಕೇ ಕೊಟ್ಟಿದೆ. 1984ರ ಕಾಯ್ದೆಯಿಂದ ಲೋಕಾಯುಕ್ತವನ್ನು ಕಟ್ಟಿದ ಕರ್ನಾಟಕಕ್ಕೆ ಇದು ಹೊಸ ವಿಚಾರವಾಗಬಾರದು. ತನಿಖೆ ಮಾಡುವವರೇ ಅನುಮತಿ ಕೊಡುವುದು ಸಲ್ಲದೆಂಬ ಆಕ್ಷೇಪಕ್ಕೆ, ನಿವೃತ್ತ ನ್ಯಾಯಮೂರ್ತಿಗಳ ಪ್ರತ್ಯೇಕ ಪೀಠ ಪರಿಹಾರವಾಗಬಲ್ಲದು. ಎರಡನೆಯದು, ಕೊಟ್ಟರೂ ನಿರಾಕರಿಸಿದರೂ ಕಾರಣಗಳನ್ನು ಬರೆದು ಪ್ರಕಟಿಸಬೇಕು. ಅವಧಿ ಮೀರಿದರೆ ಅನುಮತಿ ದೊರೆತಿದೆಯೆಂದೇ ಭಾವಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ 120 ದಿನಗಳ ಇಂತಹ ನಿಯಮವನ್ನು ತಂದಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೂ ಅದು ಬರಲಿ. ಮೂರನೆಯದು, ವಿಶೇಷ ನ್ಯಾಯಾಲಯದ ವಿಚಾರಣೆಗಷ್ಟೇ ಅಲ್ಲ, ಮೇಲ್ಮನವಿಗೂ ಕಾಲಮಿತಿ ಬೇಕು.

ನೀತಿಯ ನಿರ್ಧಾರ ತಪ್ಪಿದ್ದಕ್ಕೆ ಯಾರೂ ಜೈಲಿಗೆ ಹೋಗಬಾರದು. ಅದಕ್ಕೆ ಶಾಸನಸಭೆ ಇದೆ, ಚುನಾವಣೆ ಇದೆ. ಆದರೆ ಅಧಿಕಾರವನ್ನು ಮಾರಿಕೊಂಡವರು ಕುರ್ಚಿಯಿಂದ ಇಳಿದ ಮೇಲೆ ಗ್ರಾಮಲೆಕ್ಕಿಗನ ಸಾಲಿನಲ್ಲೇ ನಿಲ್ಲಬೇಕು. ಅದೇ ರೀತಿ ಗ್ರಾಮಲೆಕ್ಕಿಗನ ಉತ್ತರವನ್ನೂ ಮುಖ್ಯಮಂತ್ರಿಯ ಉತ್ತರದಷ್ಟೇ ಗಮನವಿಟ್ಟು ಓದಬೇಕು.

ಕಂಪಲಾಪುರದ ಮನೆಯ ನಡುಮನೆಯಲ್ಲಿ ಅರಸರ ಪಟ ಈಗಲೂ ಇದೆ. ಅದನ್ನು ಇಳಿಸಬೇಕೆಂದು ನನಗೆ ಎಂದೂ ಅನಿಸಿಲ್ಲ. ಅವರ ಮೇಲೆ ವಿಚಾರಣೆ ನಡೆಯಬಾರದಿತ್ತು ಎಂದೂ ಅನಿಸಿಲ್ಲ.