ಊರಮಾತನ್ನೆಣಿಸಿ ಭವಿಷ್ಯವನ್ನರಿಯಬಹುದೆ?

ಶಿಕಾರಿಪುರ ಸೊರಬಗಳಿಂದ ಶಂಕರಘಟ್ಟಕ್ಕೋ ಬೆಂಗಳೂರಿಗೋ ಓದಹೋಗುವ ತರುಣರ ಕೈಗೆ ಇಂದು ಹೊಸದೊಂದು ವಿದ್ಯೆಯು ಬಂದಿರುವುದು. ಫೇಸ್‌ಬುಕ್, ಯೂಟ್ಯೂಬ್ ಮೊದಲಾದ ಜಾಲತಾಣಗಳಲ್ಲಿ ಜನರು ಬರೆದ ಮಾತುಗಳನ್ನು ಗಣಕಯಂತ್ರದಿಂದ ಎಣಿಸಿ, ವಿಂಗಡಿಸಿ, ಮುಂದಾಗುವುದನ್ನು ಊಹಿಸುವುದೇ ಆ ವಿದ್ಯೆ. ಇದರ ಗುಣದೋಷಗಳನ್ನು ಗೃಹಸ್ಥರೂ ಅರಿತಿರಬೇಕೆಂಬುದು ನಮ್ಮ ಅಭಿಪ್ರಾಯ.

ಗುಣವು ಅಲ್ಪವಲ್ಲ. 2010ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಸಂಶೋಧಕರು, ನೆಲ ನಡುಗಿತೆಂದು ಜನರು ಟ್ವಿಟರಿನಲ್ಲಿ ಬರೆದುದನ್ನು ಕಲೆಹಾಕಿ ಭೂಕಂಪವನ್ನು ಗುರುತಿಸಿದರು. ಅವರ ಎಚ್ಚರಿಕೆಯು ಸರ್ಕಾರದ ಪ್ರಕಟಣೆಗಿಂತಲೂ ಶೀಘ್ರವಾಗಿ ತಲುಪಿತು. ಕನ್ನಡ ಇಂಗ್ಲಿಷುಗಳು ಬೆರೆತ ಯೂಟ್ಯೂಬ್ ಮಾತುಗಳಲ್ಲಿ ಹೊಗಳಿಕೆ ಯಾವುದು, ಬೈಗುಳ ಯಾವುದು ಎಂದು ಯಂತ್ರಕ್ಕೆ ಕಲಿಸುವ ಸಂಗ್ರಹವೊಂದು 2020ರಲ್ಲಿ ಪ್ರಕಟವಾಯಿತು.

ಕುರುಹನ್ನು ಕಂಡು ಅಪಾಯವನ್ನರಿಯುವುದು ನಮ್ಮ ಸೀಮೆಗೆ ಹೊಸತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಮನುಷ್ಯರೂ ಜ್ವರಕ್ಕೆ ತುತ್ತಾದರು. ಉಣುಗಿನಿಂದ ಹರಡುವ ಆ ಮಂಗನ ಕಾಯಿಲೆಗೆ ಲೋಕವೆಲ್ಲವೂ ಕ್ಯಾಸನೂರಿನ ಹೆಸರನ್ನೇ ಇಟ್ಟಿತು. ಅಂದಿನಿಂದ ಸತ್ತ ಮಂಗವೇ ಮುನ್ಸೂಚನೆ. ಆದರೆ ಅದನ್ನು ಮೊದಲು ಕಾಣುವವರು ಸೊಪ್ಪು ಸೌದೆಗೆಂದು ಕಾಡಿಗೆ ಹೋಗುವವರು. ಅವರು ಜಾಲತಾಣದಲ್ಲಿ ಬರೆಯುವರೆ? ಬರೆಯದಿದ್ದರೆ, ಯಂತ್ರವು ಊರಿನಲ್ಲಿ ಎಲ್ಲರೂ ಕ್ಷೇಮವೆಂದೇ ತಿಳಿಯುವುದು.

ಮೊದಲ ದೋಷವು ಇದೇ. ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಬಳ್ಳಿಗಾವೆಗಳ ಶಾಸನಗಳನ್ನು ಓದುವವರು ಇದನ್ನು ಚೆನ್ನಾಗಿ ಬಲ್ಲರು. ಕಲ್ಲಿನಲ್ಲಿ ಅರಸರೂ ದಾನಿಗಳೂ ಮಾತನಾಡುವರು. ನೀರು ಹೊತ್ತವಳು ಮೌನವಾಗಿರುವಳು. ಆ ಮೌನವನ್ನು ಲೆಕ್ಕಕ್ಕೆ ತರದವನು ಪಂಡಿತನಲ್ಲ.

ಎರಡನೆಯದು, ಮಾತು ಹೆಚ್ಚಿದಲ್ಲಿ ಸಂಗತಿಯೂ ಹೆಚ್ಚಿತೆಂಬ ಭ್ರಮೆ. ಜನರು ಹುಡುಕುವ ಪದಗಳಿಂದ ಶೀತಜ್ವರದ ಪ್ರಮಾಣವನ್ನು ಊಹಿಸುವ ಏರ್ಪಾಡನ್ನು ಗೂಗಲ್ ಸಂಸ್ಥೆಯು 2008ರಲ್ಲಿ ಆರಂಭಿಸಿತು. 2012-13ರಲ್ಲಿ ಅದರ ಅಂದಾಜು ವಾಸ್ತವವನ್ನು ಬಹುವಾಗಿ ಮೀರಿತು. 2015ರಲ್ಲಿ ಅದು ನಿಂತಿತು. ಸುದ್ದಿಗೆ ಹೆದರಿದ ಆರೋಗ್ಯವಂತನೂ ಜ್ವರದ ವಿಷಯವನ್ನೇ ಹುಡುಕುವನಲ್ಲವೆ?

ಮೂರನೆಯದು ಎಲ್ಲಕ್ಕೂ ಗುರುತರವಾದುದು. ಶಾಸನವನ್ನು ನಿಲ್ಲಿಸಿದವನು ಆಚಂದ್ರಾರ್ಕವಾಗಿ ಎಲ್ಲರೂ ಓದಲೆಂದೇ ನಿಲ್ಲಿಸಿದನು. ಮಗಳು ಗೆಳತಿಗೆ ಬರೆದ ಎರಡು ಸಾಲು ಅಂತಹುದಲ್ಲ. ಸಂಶೋಧನೆಯ ಹೆಸರಿನಲ್ಲಿ ಕೂಡಿಸಿದ ಕೋಟ್ಯಂತರ ಫೇಸ್‌ಬುಕ್ ಬಳಕೆದಾರರ ವಿವರಗಳು ಚುನಾವಣೆಯ ವ್ಯಾಪಾರಿಗಳ ಕೈಸೇರಿದುದು 2018ರಲ್ಲಿ ಬಯಲಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯಿದೆಯೂ ಆಯಿತು. ಆದರೆ ನಿಯಮಕ್ಕೊಳಪಟ್ಟ ಸಂಶೋಧನೆಗೆ ಅದರಲ್ಲಿ ವಿನಾಯಿತಿಯುಂಟು. ಉಳಿದುದು ವಿದ್ಯಾರ್ಥಿಯ ವಿವೇಕಕ್ಕೆ ಸೇರಿದುದು.

ಆದುದರಿಂದ ಮನೆಯ ಮಗನೋ ಮಗಳೋ ಇಂತಹ ಕಾರ್ಯವನ್ನು ಕೈಕೊಂಡರೆ ಹಿರಿಯರು ಮೂರು ಪ್ರಶ್ನೆಗಳನ್ನು ಕೇಳಲಿ: ಇದರಲ್ಲಿ ಯಾರ ಮಾತು ಬಂದಿಲ್ಲ? ಹೆಸರುಗಳನ್ನು ಅಳಿಸಿರುವೆಯಾ? ನಿನ್ನ ಊಹೆಯನ್ನು ಊರಿಗೆ ಹೋಗಿ, ಕಣ್ಣಾರೆ ಕಂಡು, ಪರೀಕ್ಷಿಸಿರುವೆಯಾ? ಯಂತ್ರಜ್ಞಾನವಿಲ್ಲದವರೂ ಈ ಪ್ರಶ್ನೆಗಳನ್ನು ಕೇಳಬಲ್ಲರು. ಉತ್ತರವನ್ನು ನೀಡಬಲ್ಲ ವಿದ್ಯಾರ್ಥಿಯಿಂದ ನಾಡಿಗೆ ಹಿತವಾಗುವುದು.